ಗೂಡಿಗೂ ಮರೆ ಬೇಕು

ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹಾರಿಹೋಗುವ ಕೋಗಿಲೆಯ ಜಾಣತನವನ್ನು ಅರಿಯದವರಿಲ್ಲ. ಸ್ವಜಾತಿಯ ಹೆಣ್ಣಿನ ಗೂಡಿನಲ್ಲಿಯೇ ಮೊಟ್ಟೆಯಿಟ್ಟು ಬರುವ ಹಕ್ಕಿಯೂ ಒಂದುಂಟು. ಅದು ಉತ್ತರ ಅಮೆರಿಕದ ‘ವುಡ್ ಡಕ್’ ಎಂಬ ಕಾಡುಬಾತು.

ಮರದ ಪೊಟರೆಯೇ ಇದರ ಹೆರಿಗೆಮನೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹಳೆಯ ಮರಗಳು ಕೊಡಲಿಗೆ ತುತ್ತಾಗಿ, ಬೇಟೆಯೂ ಮಿತಿಮೀರಿ, ಈ ಚೆಲುವಿನ ಹಕ್ಕಿ ಅಳಿವಿನ ಅಂಚಿಗೆ ಬಂದಿತ್ತು. 1918ರ ಕಾಯಿದೆಯೊಂದು ಅದಕ್ಕೆ ಅಭಯವಿತ್ತಿತು. 1930ರ ದಶಕದ ಕೊನೆಯಲ್ಲಿ ಫ್ರಾಂಕ್ ಬೆಲ್ರೋಸ್, ಆರ್ಥರ್ ಹಾಕಿನ್ಸ್ ಎಂಬ ವಿಜ್ಞಾನಿಗಳು ಇಲಿನಾಯ್ ರಾಜ್ಯದಲ್ಲಿ ಪೊಟರೆಗೆ ಬದಲಾಗಿ ಮರದ ಪೆಟ್ಟಿಗೆಗಳನ್ನು ಇರಿಸಿದರು. ಬಾತುಗಳು ಅವನ್ನು ಒಪ್ಪಿಕೊಂಡವು. ಮುಂದೆ ಇಂಥ ಪೆಟ್ಟಿಗೆಗಳು ನಾಡಿನ ಕೆರೆಕೊಳ್ಳಗಳಲ್ಲೆಲ್ಲ ಎದ್ದವು.

ತೊಡಕು ಹುಟ್ಟಿದುದು ಇಲ್ಲಿಯೇ. ನೋಡಿಕೊಳ್ಳಲು ಸುಲಭವೆಂದು ಜನರು ಬಟ್ಟಬಯಲಿನ ನೀರಿನಲ್ಲಿ ಕಂಬ ನೆಟ್ಟು, ಪೆಟ್ಟಿಗೆಗಳನ್ನು ಒತ್ತೊತ್ತಾಗಿ ಇರಿಸಿದರು. ಸಹಜವಾದ ಪೊಟರೆಗಳಾದರೋ ಕಾಡಿನ ಮರೆಯಲ್ಲಿ, ದೂರದೂರದಲ್ಲಿ ಇರುವಂಥವು. ಬಯಲಿನಲ್ಲಿ ಒಂದು ಹೆಣ್ಣು ಗೂಡನ್ನು ಹೊಕ್ಕರೆ ಉಳಿದವುಗಳ ಕಣ್ಣಿಗೆ ಬೀಳದಿರದು. ಅವೂ ಅದರ ಹಿಂದೆಯೇ ಹೋಗಿ ಅಲ್ಲಿಯೇ ಮೊಟ್ಟೆಯಿಡುತ್ತವೆ. ಹತ್ತು ಹನ್ನೆರಡು ಮೊಟ್ಟೆಗಳಿರಬೇಕಾದ ಗೂಡಿನಲ್ಲಿ ಕೆಲವೊಮ್ಮೆ ಮೂವತ್ತಕ್ಕೂ ಮಿಕ್ಕಿ ಮೊಟ್ಟೆಗಳು! ಒಬ್ಬ ತಾಯಿಯ ಎದೆಯ ಕಾವು ಅಷ್ಟಕ್ಕೂ ಎಟಕುವುದೆಂತು? ಅನೇಕವು ಒಡೆಯದೆ ಕೆಟ್ಟುಹೋಗುತ್ತವೆ. ಒಮ್ಮೊಮ್ಮೆ ತಾಯಿ ಗೂಡನ್ನೇ ತೊರೆಯುವುದೂ ಉಂಟು. ಪೆಟ್ಟಿಗೆ ತುಂಬಿದುದನ್ನು ಕಂಡು ಹಿಗ್ಗಿದವರಿಗೆ ಮರಿಗಳ ಲೆಕ್ಕ ಬೇರೆಯೇ ಕಥೆಯನ್ನು ಹೇಳಿತು.

ಬ್ರಾಡ್ ಸೆಮಲ್, ಪಾಲ್ ಶೆರ್ಮನ್ ಮತ್ತು ಅವರ ಸಂಗಡಿಗರು ಇಲಿನಾಯ್‌ನಲ್ಲಿಯೇ ಇದನ್ನು ಪರೀಕ್ಷಿಸಿ, 1988ರಲ್ಲಿ ಫಲವನ್ನು ಪ್ರಕಟಿಸಿದರು. ಕಣ್ಣಿಗೆ ಹೊಡೆಯುವಂತೆ ಗುಂಪಾಗಿದ್ದ ಪೆಟ್ಟಿಗೆಗಳಲ್ಲಿ ಪರರ ಮೊಟ್ಟೆಗಳ ಹಾವಳಿ ಹೆಚ್ಚು. ಮರಗಳ ನಡುವೆ ಒಂಟಿಯಾಗಿ, ಮರೆಯಾಗಿದ್ದವುಗಳಲ್ಲಿ ಅದು ಕಡಿಮೆ. ಒಡೆದು ಮರಿಯಾದ ಮೊಟ್ಟೆಗಳ ಪ್ರಮಾಣವೂ ಅಲ್ಲಿಯೇ ಮಿಗಿಲು.

ಇದರಿಂದ ಪೆಟ್ಟಿಗೆಯೇ ಕೂಡದೆಂದು ಅರ್ಥವಲ್ಲ. ಒಂದರಿಂದ ಇನ್ನೊಂದು ಕಾಣದಂತೆ, ನೀರಿಗೆ ತೀರ ದೂರವಾಗದಂತೆ, ಮರಗಳ ಮರೆಯಲ್ಲಿ ಇರಿಸಬೇಕು. ಮೊಟ್ಟೆಗಳ್ಳರಾದ ರಕೂನ್ ಪ್ರಾಣಿಗಳು ಹತ್ತದಂತೆ ಕಂಬಕ್ಕೆ ತಗಡಿನ ತಡೆ ಕಟ್ಟಬೇಕು. ಸುಮಾರು ಒಂದು ತಿಂಗಳ ಕಾವಿನ ಬಳಿಕ, ಮೊಟ್ಟೆಯೊಡೆದ ಮರುದಿನವೇ, ತಾಯಿ ಕೆಳಗಿನಿಂದ ಕೂಗುತ್ತದೆ; ಹಾರಲರಿಯದ ಹಸುಳೆಗಳು ಒಂದೊಂದಾಗಿ ಧುಮುಕಿ ಅದರ ಹಿಂದೆ ನೀರಿಗೆ ಸಾಗುತ್ತವೆ.

ಮನೆ ಕಟ್ಟಿಕೊಟ್ಟವನ ಔದಾರ್ಯ ದೊಡ್ಡದೇ. ಆದರೆ ಮನೆಯಲ್ಲಿ ಬಾಳುವವರ ರೀತಿಯನ್ನರಿತು ಕಟ್ಟಿದಾಗಲೇ ಅದು ಉಪಕಾರವೆನಿಸುತ್ತದೆ.