ಕಳುಹಿಸಿದರೆ ಮುಟ್ಟಿದಂತೆಯೇ?

ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಕೆಲವು ಸದಸ್ಯ ಬಾಂಧವರು ಈ ಸಲದ ಸರ್ವಸದಸ್ಯರ ಸಭೆಗೆ ಬರಲಿಲ್ಲ. ಕೊಳವೆ ಬಾವಿಯನ್ನೇ ನಂಬಿ ಅಡಿಕೆ ಬೆಳೆಯುವ ಅವರಿಗೆ ಬೇಕಾದ ಮುಂಗಡ ಸಾಲದ ವಿಷಯ ಅವರಿಲ್ಲದೆಯೇ ತೀರ್ಮಾನವಾಯಿತು. ವಿಚಾರಿಸಿದರೆ, ತಿಳಿವಳಿಕೆ ಪತ್ರವೇ ಬರಲಿಲ್ಲವೆಂದರು. ಇಮೇಲ್ ಕಳುಹಿಸಿದ್ದೇವೆಂದು ಕಚೇರಿಯವರ ಉತ್ತರ. ಇಬ್ಬರ ಮಾತೂ ನಿಜವೇ.

ಒಬ್ಬ ಸದಸ್ಯರ ಫೋನನ್ನು ನಾವೇ ನೋಡಿದೆವು. ಜಿಮೇಲ್ ಖಾತೆಗೆ ಪುಕ್ಕಟೆಯಾಗಿ ಸಿಗುವ ಜಾಗ 15 ಜಿಬಿ. ಕಾಗದಕ್ಕೂ ಫೋಟೋಗಳಿಗೂ ಅದೊಂದೇ ಕಣಜ. 2024ರಿಂದ ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಅದರೊಳಗೇ. ದಿನವೂ ಬರುವ ಶುಭೋದಯದ ಚಿತ್ರ, ವಿಡಿಯೋಗಳೇ ಕಣಜ ತುಂಬಿಸಿದ್ದವು. (ನಾವು ಕಳುಹಿಸಿದವೂ ಅವುಗಳಲ್ಲಿದ್ದವು!) ತುಂಬಿದ ಮೇಲೆ ಹೊಸ ಕಾಗದ ಒಳಗೆ ಬಾರದು. ಬೇಡದ್ದನ್ನು ವಾಟ್ಸಾಪಿನಲ್ಲಿ ಅಳಿಸಿ, ಮತ್ತೆ ಬ್ಯಾಕಪ್ ಮಾಡಿ, ಜಿಮೇಲಿನ ಕಸದ ಬುಟ್ಟಿಯನ್ನೂ ಬರಿದು ಮಾಡಿದ ಮೇಲೆ ದಾರಿಯಾಯಿತು. ಇನ್ನೊಬ್ಬರ ಪತ್ರ ಸ್ಪ್ಯಾಮ್‌ನಲ್ಲಿತ್ತು. ಅಲ್ಲಿ ಬಿದ್ದದ್ದು 30 ದಿನಕ್ಕೆ ತಾನಾಗಿ ಅಳಿಯುತ್ತದೆ. ಮತ್ತೊಬ್ಬರ ಫೋನಿನಲ್ಲಿ ಸಿಂಕ್ ನಿಂತಿತ್ತು, ಅಷ್ಟೆ.

ಸದಸ್ಯರು ಇವನ್ನು ನೋಡಿಕೊಳ್ಳಲಿ. ಆದರೆ ತುಂಬಿದ ಖಾತೆಗೆ ಹೋದ ಕಾಗದ ಮುಟ್ಟಲಿಲ್ಲವೆಂಬ ಸೂಚನೆ ಕಳುಹಿಸಿದವರಿಗೆ ವಾಪಸು ಬರುತ್ತದೆ, ಅಂಚೆಯವರು ಹಿಂದಿರುಗಿಸಿದ ಲಕೋಟೆಯಂತೆ. ಅಂಥ ಸೂಚನೆಗಳು ಕಚೇರಿಯಲ್ಲಿ ಯಾರೂ ಓದದೆ ಬಿದ್ದಿದ್ದವು. ತಪ್ಪೆಲ್ಲ ಸದಸ್ಯರದೇ ಎಂಬ ಮಾತನ್ನು ನಾವು ಒಪ್ಪೆವು. ವಾಪಸು ಬಂದ ಹೆಸರಿನವರಿಗೆ ಅದೇ ದಿನ ಫೋನ್ ಮಾಡಬೇಕು; ಸಭೆಯ ತಿಳಿವಳಿಕೆ ಪತ್ರವನ್ನಂತೂ ಅಂಚೆಯಲ್ಲೂ ಕಳುಹಿಸಬೇಕು. ಖರ್ಚಿನ ಮಾತನ್ನು ಮುಂದಿನ ಸಭೆಯಲ್ಲಿ ಚರ್ಚಿಸೋಣ, ಅವರೂ ಬಂದಿರಲಿ.