ಒಂಟಿ ಮೊಲಕ್ಕೆ ಜೊತೆ ತರುವ ಮುನ್ನ

ಪರೀಕ್ಷೆ ಮುಗಿಸಿದ ಮಕ್ಕಳ ಬೇಡಿಕೆಗಳಲ್ಲಿ ಬಿಳಿ ಮೊಲವೂ ಒಂದು. ಅದು ಮನೆಗೆ ಬಂದ ಕೆಲವೇ ದಿನಗಳಲ್ಲಿ 'ಪಾಪ, ಒಂಟಿಯಾಗಿದೆ, ಇನ್ನೊಂದು ತರೋಣ' ಎಂಬ ಹಟ ಶುರುವಾಗುತ್ತದೆ. ಈ ಹಟದಲ್ಲಿ ನ್ಯಾಯವಿದೆ. ಹೊಲದ ಬದುವಿನಲ್ಲಿ ನೆಗೆದೋಡುವ ಕಾಡುಮೊಲ ಬಿಲ ತೋಡದೆ, ಹೆಚ್ಚಾಗಿ ಒಂಟಿಯಾಗಿಯೇ ಬದುಕುವ ಪ್ರಾಣಿ. (ಅದನ್ನು ಹಿಡಿದು ತಂದು ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡ್ಡಿಯಿದೆ.) ಸಾಕುಮೊಲದ ವಂಶವೇ ಬೇರೆ. ಅದರ ಪೂರ್ವಿಕರು ಯುರೋಪಿನವರು; ನೆಲದಡಿ ಬಿಲಗಳನ್ನು ತೋಡಿ ಗುಂಪಾಗಿ ಬಾಳುವವರು. ಕನ್ನಡದಲ್ಲಿ ಎರಡಕ್ಕೂ ಮೊಲವೆಂದೇ ಹೆಸರಾದ್ದರಿಂದ ಈ ವ್ಯತ್ಯಾಸ ಅನೇಕರ ಗಮನಕ್ಕೆ ಬರುವುದಿಲ್ಲ.

ಆದರೆ ಗುಂಪಿನ ಪ್ರಾಣಿಯೆಂದ ಮಾತ್ರಕ್ಕೆ ಅದು ಸಿಕ್ಕವರೊಡನೆಲ್ಲ ಬೆರೆಯುವುದಿಲ್ಲ. ಮೊಲ ತನ್ನ ಗಲ್ಲದಡಿಯ ಗ್ರಂಥಿಯನ್ನು ಗೂಡಿನ ಮೂಲೆಗೂ ತಟ್ಟೆಗೂ ಉಜ್ಜಿ 'ಇದು ನನ್ನದು' ಎಂದು ವಾಸನೆಯ ಗುರುತು ಹಾಕಿಕೊಂಡಿರುತ್ತದೆ. ಅಂಥ ಗೂಡಿಗೆ ಹೊಸದನ್ನು ತಂದ ದಿನವೇ ಬಿಟ್ಟರೆ ಹಳೆಯದಕ್ಕೆ ಅದು ಮನೆಗೆ ನುಗ್ಗಿದ ಕಳ್ಳನೇ ಸರಿ. ಸಾಧುವೆಂದು ಹೆಸರಾದ ಈ ಪ್ರಾಣಿ ಕಾದಾಟಕ್ಕಿಳಿದರೆ ಕಿವಿ ಹರಿಯುವಂತೆ ಕಚ್ಚುತ್ತದೆ, ಹಿಂಗಾಲಿನ ಉಗುರಿನಿಂದ ಹೊಟ್ಟೆಗೂ ಗಾಯ ಮಾಡುತ್ತದೆ. ಮಕ್ಕಳ ಕಣ್ಣೆದುರೇ ಇದು ನಡೆಯಬೇಕೆ?

ಅಂಗಡಿಯಲ್ಲಿ 'ಜೋಡಿ' ಎಂದು ಕೊಡುವ ಎಳೆಮರಿಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಹೇಳುವುದು ಸುಲಭವಲ್ಲ. ಎರಡೂ ಗಂಡಾದರೆ ಬೆಳೆದ ಮೇಲೆ ಜಗಳ. ಒಂದು ಹೆಣ್ಣಾದರೆ ಸುಮಾರು 31 ದಿನಕ್ಕೆ ಮರಿ, ಹೆತ್ತ ದಿನವೇ ಮತ್ತೆ ಗರ್ಭ ನಿಲ್ಲಬಹುದು. ಅಪ್ಪ ಅಮ್ಮ ಒಪ್ಪಿಕೊಂಡದ್ದು ಎರಡು ಮೊಲಕ್ಕೆ, ಇಪ್ಪತ್ತಕ್ಕಲ್ಲ! ಆದ್ದರಿಂದ ಮೊಲಗಳ ಬಗ್ಗೆ ಅನುಭವವಿರುವ ಪಶುವೈದ್ಯರಿಂದ ಸಂತಾನಹರಣ ಚಿಕಿತ್ಸೆ ಮಾಡಿಸುವುದು ಮೊದಲ ಕೆಲಸ. ಚಿಕಿತ್ಸೆಯಾದ ಗಂಡನ್ನು ಆರು ವಾರವಾದರೂ ಹೆಣ್ಣಿನಿಂದ ದೂರವಿಡಬೇಕು.

ಪರಿಚಯಕ್ಕೆ ಅವಸರ ಕೂಡದು. ಎರಡು ಗೂಡುಗಳನ್ನು ಅಕ್ಕಪಕ್ಕ ಇಡಿ. ಜಾಲರಿಯಿಂದ ಕಚ್ಚಾಡದಂತೆ ನಡುವೆ ಸ್ವಲ್ಪ ಜಾಗವಿರಲಿ. ಒಂದರ ಹಾಸುಬಟ್ಟೆಯನ್ನು ಇನ್ನೊಂದರ ಗೂಡಿಗೆ ಬದಲಿಸುತ್ತಿದ್ದರೆ ವಾಸನೆ ಹಳತಾಗುತ್ತದೆ. ಎರಡೂ ನಿರಾಳವಾಗಿ ಹುಲ್ಲು ತಿನ್ನತೊಡಗಿದ ಮೇಲೆ, ಯಾವುದೂ ತನ್ನದೆಂದು ಭಾವಿಸದ ಜಾಗದಲ್ಲಿ ಭೇಟಿ ಮಾಡಿಸಬೇಕು. ಬಚ್ಚಲುಮನೆಯಾದರೂ ಆದೀತು, ಕಾಲು ಜಾರದಂತೆ ಹಳೆಯ ಜಮಖಾನೆ ಹಾಸಿದರಾಯಿತು. ಮೊದಲ ದಿನ ಹತ್ತು ನಿಮಿಷ ಸಾಕು. ಹಿರಿಯರೊಬ್ಬರು ಅಲ್ಲೇ ಕೂತಿರಲೇಬೇಕು. ತುಸು ಅಟ್ಟಾಡುವುದು, ಒಂದರ ಮೇಲೊಂದು ಹತ್ತುವುದು ಸಹಜ. ಆದರೆ ಕಿವಿ ಹಿಂದಕ್ಕೆ ಮಡಚಿ, ಬಾಲ ಎತ್ತಿ, ಒಂದನ್ನೊಂದು ಸುತ್ತತೊಡಗಿದರೆ ಕೂಡಲೇ ಬಿಡಿಸಿ. ಬರಿಗೈ ಹಾಕಬೇಡಿ, ದಪ್ಪ ಟವೆಲ್ ಇರಲಿ.

ಕೆಲವು ಜೋಡಿಗಳಿಗೆ ವಾರ ಸಾಕು, ಕೆಲವಕ್ಕೆ ತಿಂಗಳುಗಳೇ ಬೇಕು. ಒಂದು ತಲೆ ತಗ್ಗಿಸಿ ಕೂತಾಗ ಇನ್ನೊಂದು ಅದರ ಹಣೆ ನೆಕ್ಕಿದರೆ, ಮೈಗೆ ಮೈ ತಾಗಿಸಿ ಮಲಗಿದರೆ, ಸ್ನೇಹ ಕುದುರಿತೆಂದೇ ತಿಳಿಯಬಹುದು. ಈ ಗಳಿಗೆಗಾಗಿ ಕಾಯುವ ಕೆಲಸವನ್ನು ಮಕ್ಕಳಿಗೇ ವಹಿಸಿ. ಅವರಷ್ಟು ಚೆನ್ನಾಗಿ ನೋಡುವವರಿಲ್ಲ.

ಇಷ್ಟೆಲ್ಲ ರಗಳೆ ಬೇಡವೆಂದು ಗಿನಿಪಿಗ್ ತಂದು ಜೊತೆಗೆ ಬಿಡುವವರಿದ್ದಾರೆ. ಅದು ತಪ್ಪು. ಗಿನಿಪಿಗ್‌ಗೆ ಆಹಾರದಲ್ಲಿ ಸಿ ಜೀವಸತ್ವ ಬೇಕೇ ಬೇಕು, ಮೊಲಕ್ಕೆ ಬೇಡ. ಮೊಲದ ಒಂದು ಒದೆತಕ್ಕೆ ಗಿನಿಪಿಗ್ ಜಖಂ ಆದೀತು.

ಸ್ನೇಹ ಕುದುರಿದ ಮೇಲೆ ಒಂದಕ್ಕೆ ಕಾಯಿಲೆಯಾದರೂ ಎರಡನ್ನೂ ಒಟ್ಟಿಗೇ ಪಶುವೈದ್ಯರಲ್ಲಿಗೆ ಒಯ್ಯುವುದು ಲೇಸು. ಆಸ್ಪತ್ರೆಯ ವಾಸನೆ ಹೊತ್ತು ಒಂದೇ ಮರಳಿದರೆ, ಮನೆಯಲ್ಲಿದ್ದದ್ದು ಗುರುತು ಹಿಡಿಯದೆ ಮೈಮೇಲೆ ಬೀಳುವುದುಂಟು.