ಎಂಟನೇ ದಿನದಿಂದ ಯಾರು?

‘ಬೈಕ್ ಸವಾರನ ತಲೆಗೆ ತೀವ್ರ ಪೆಟ್ಟಾಗಿದ್ದು, ಮೈಸೂರಿನ ಆಸ್ಪತ್ರೆಗೆ ದಾಖಲಿಸಲಾಗಿದೆ.’

ಭೇರ್ಯದಲ್ಲಿ ನಿಂತು ಈ ಸಾಲನ್ನು ಎಷ್ಟು ಸಲ ಟೈಪ್ ಮಾಡಿ ಕಳಿಸಿದ್ದೇನೋ ಲೆಕ್ಕವಿಲ್ಲ. ಸತ್ತರೆ ಮಾರನೇ ದಿನ ಇನ್ನೆರಡು ಸಾಲು. ಬದುಕಿದರೆ ಸುದ್ದಿ ಅಲ್ಲಿಗೇ ಮುಗಿಯಿತು. ಬದುಕಿದವನು ಮನೆಗೆ ಬಂದ ಮೇಲೆ ಏನಾದ ಅಂತ ಡೆಸ್ಕಿನವರು ಕೇಳಿಲ್ಲ. ನಾನೂ ಹೋಗಿ ನೋಡಿರಲಿಲ್ಲ.

ಈಚೆಗೆ ಅಂಥ ಒಂದು ಮನೆಗೆ ಹೋದೆ. ಊರು ಬೇಡ, ಅವರಿಗೆ ಮುಜುಗರ. ರಾತ್ರಿ ಹೊತ್ತು, ಹಿಂದೆ ದೀಪವಿಲ್ಲದ ಕಬ್ಬಿನ ಟ್ರೈಲರಿಗೆ ಗುದ್ದಿದವನು. ಆಪರೇಷನ್ ಆಗಿ ಜೀವ ಉಳಿದಿದೆ. ಕಾಲು ಕೊಂಚ ಎಳೆಯುತ್ತದೆ, ಅಷ್ಟೇ. ಆದರೆ ಬೆಳಿಗ್ಗೆ ಉಂಡಿದ್ದು ಮಧ್ಯಾಹ್ನಕ್ಕೆ ನೆನಪಿಲ್ಲ. ಒಲೆ ಹಚ್ಚಿ ಮರೆಯುತ್ತಾನೆ. ಸಣ್ಣ ಮಾತಿಗೂ ತಟ್ಟೆ ಎಸೆಯುತ್ತಾನೆ. ಕಕ್ಕಸು ಹಿತ್ತಲಲ್ಲಿದೆ, ಮೂರು ಮೆಟ್ಟಿಲು ಇಳಿಯಬೇಕು, ಹಿಡಿಯಲು ಒಂದು ಕಂಬಿಯಿಲ್ಲ. ಹೆಂಡತಿ ಕೂಲಿಗೆ ಹೊರಟಾಗ ಹೊರಗಿನಿಂದ ಚಿಲಕ ಹಾಕುತ್ತಾಳೆ. ‘ಗಂಡನ್ನ ಕೂಡಿಹಾಕವ್ಳೆ’ ಅಂತ ಬೀದಿಯವರ ಮಾತು. ಹಾಗೆ ಅಂದವರಲ್ಲಿ ಒಬ್ಬರೂ ಒಂದು ಗಂಟೆ ಬಂದು ಅವನ ಜೊತೆ ಕೂತಿಲ್ಲ.

ಹೆಲ್ಮೆಟ್ ಹಾಕಬೇಕಿತ್ತು ಅನ್ನುತ್ತೀರಿ. ಹಾಕಬೇಕಿತ್ತು, ನಿಜ. ಟ್ರೈಲರಿಗೂ ಹಿಂದೆ ದೀಪ ಇರಬೇಕಿತ್ತು.

ಈಗ ಸರ್ಕಾರದ ಗಡಿಯಾರ ನೋಡಿ. 2016ರಲ್ಲಿ ರಾಜ್ಯ ತಂದ ಹರೀಶ್ ಸಾಂತ್ವನ ಯೋಜನೆ ಅಪಘಾತದ ಮೊದಲ 48 ಗಂಟೆಗೆ, 25 ಸಾವಿರ ರೂಪಾಯಿವರೆಗೆ. 2025ರಲ್ಲಿ ಕೇಂದ್ರ ತಂದ ನಗದುರಹಿತ ಚಿಕಿತ್ಸೆ ಯೋಜನೆ 7 ದಿನಕ್ಕೆ, ಒಂದೂವರೆ ಲಕ್ಷದವರೆಗೆ. ಎರಡೂ ಬೇಕಾದ ಯೋಜನೆಗಳೇ. ಆದರೆ ಮೂವತ್ತರ ಹುಡುಗನಿಗೆ ಮುಂದೆ ಇನ್ನೂ ನಲವತ್ತು ವರ್ಷ ಇದೆಯಲ್ಲ? ಎಂಟನೇ ದಿನದಿಂದ ಅವನು ಹೆಂಡತಿಯ ಪಾಲು, ಇಲ್ಲದಿದ್ದರೆ ತಾಯಿಯ ಪಾಲು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ತಲೆಗೆ ಪೆಟ್ಟು ಬಿದ್ದು ಮೆದುಳಿಗೆ ಆದ ಹಾನಿ ಅಂತ ಅದರಲ್ಲಿ ಬೇರೆ ಹೆಸರೇ ಇಲ್ಲ. ಕಾಲು ಬಿದ್ದುಹೋದರೆ ಚಲನ ವೈಕಲ್ಯ, ಮಾತು ಹೋದರೆ ಮಾತು-ಭಾಷೆಯ ವೈಕಲ್ಯ. ಕೈಕಾಲು ಆಡುತ್ತಾ, ಮಾತೂ ಬರುತ್ತಾ, ನೆನಪು ಮತ್ತು ತಾಳ್ಮೆ ಮಾತ್ರ ಹೋದವನನ್ನು ಎಲ್ಲಿ ಸೇರಿಸುತ್ತೀರಿ? ಸೌಲಭ್ಯಕ್ಕೆ ಶೇ 40 ವೈಕಲ್ಯ ಇರಬೇಕು. ಒಲೆ ಆರಿಸಲು ಮರೆಯುವುದು ಶೇಕಡಾ ಎಷ್ಟು? ನ್ಯಾಷನಲ್ ಟ್ರಸ್ಟಿನ ‘ಘರೌಂದಾ’ ಎಂಬ ಗುಂಪು ವಸತಿ ಯೋಜನೆ ಇದೆ. ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯದವರಿಗೆ. ಇವನಿಗೆ ಅಲ್ಲೂ ನೇರ ಬಾಗಿಲಿಲ್ಲ.

ಸಿಟ್ಟು, ಮರೆವು ಅವನ ಗುಣವಲ್ಲ, ಗಾಯ. ಮೂಳೆ ಮುರಿದರೆ ಪಟ್ಟು ಹಾಕುವಂತೆ ಇದಕ್ಕೂ ದಾರಿ ಇದೆ: ಫಿಸಿಯೋಥೆರಪಿ, ಮಾತಿನ ತರಬೇತಿ, ದಿನದ ಕೆಲಸಗಳನ್ನು ಮತ್ತೆ ಕಲಿಸುವುದು. ಮೊದಲ ತಿಂಗಳುಗಳು ಬಹಳ ಮುಖ್ಯ. ಮಾತು ಹೋದವರಿಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿ ವಿಭಾಗವೇ ಇದೆ. ಆದರೆ ವಾರಕ್ಕೆರಡು ಸಲ ಹೋಗಿಬರಬೇಕಾದರೆ ಜೊತೆಗೆ ಹೋಗುವವರ ಕೂಲಿ ಹೋಯಿತು, ಬಸ್ ಚಾರ್ಜ್ ಬೇರೆ. ನಾಲ್ಕು ವಾರ ಹೋಗಿ ಬಿಡುತ್ತಾರೆ. ಆ ತರಬೇತುದಾರರು ವಾರಕ್ಕೊಂದು ದಿನ ತಾಲ್ಲೂಕು ಆಸ್ಪತ್ರೆಗೆ ಬರಲಿ. ಸಾವಿರ ಹಾಸಿಗೆಯ ಆಸ್ಪತ್ರೆಯನ್ನು ಯಾರೂ ಕೇಳುತ್ತಿಲ್ಲ.

ಇನ್ನು ಮನೆ. ಇಂಥವರನ್ನು ‘ಆಶ್ರಮಕ್ಕೆ ಸೇರಿಸಿ’ ಅನ್ನುವುದು ಸುಲಭ. ಎಲ್ಲರಂತೆ ಊರಲ್ಲೇ ಬಾಳುವುದು ಹಕ್ಕು, ಇಂಥ ಕಡೆಯೇ ಇರು ಅಂತ ಯಾರೂ ಬಲವಂತ ಮಾಡುವಂತಿಲ್ಲ ಅಂತ ಅದೇ ಕಾಯ್ದೆಯ 5ನೇ ಕಲಂ ಹೇಳುತ್ತದೆ. ವಸತಿ ಯೋಜನೆಗಳಲ್ಲಿ ಶೇ 5 ಮೀಸಲು 37ನೇ ಕಲಂನಲ್ಲಿದೆ. ಹೊಸಿಲು ತೆಗೆದು ಇಳಿಜಾರು ಮಾಡುವುದು, ಒಳಗೇ ಕೂರುವ ಕಮೋಡ್, ಗೋಡೆಗೆ ಕಂಬಿ. ದುಡ್ಡಿಲ್ಲ ಅನ್ನುವ ಪಂಚಾಯ್ತಿಗಳಿಗೆ ಊರಬಾಗಿಲಿಗೆ ಸ್ವಾಗತ ಕಮಾನು ಕಟ್ಟಿಸಲು ಎಲ್ಲಿಂದ ಬಂತು?

ಪಂಚಾಯ್ತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಕಾರ್ಡು, ಪಿಂಚಣಿ ಅರ್ಜಿಗೆ ಓಡಾಡುವುದರಲ್ಲೇ ಅವರ ದಿನ ಮುಗಿಯುತ್ತದೆ. ತಲೆಗೆ ಪೆಟ್ಟಾಗಿ ಮನೆಗೆ ಬಂದವರ ಒಂದು ಪಟ್ಟಿಯನ್ನು ಅವರಿಂದ ಮಾಡಿಸಿ. ಅವನ ಹೆಂಡತಿ ವಾರಕ್ಕೆರಡು ದಿನ ನಿಶ್ಚಿಂತೆಯಿಂದ ಕೂಲಿಗೆ ಹೋಗುವಂತೆ ಹಗಲು ಹೊತ್ತಿಗೊಂದು ಜಾಗ ಮಾಡಿ.

ಮುಂದಿನ ಗ್ರಾಮಸಭೆಯಲ್ಲಿ ಮನೆ ಫಲಾನುಭವಿಗಳ ಪಟ್ಟಿ ಓದುವಾಗ ಆ ಶೇ 5ರಲ್ಲಿ ಯಾರ ಹೆಸರಿದೆ ಅಂತ ಎದ್ದು ಕೇಳುತ್ತೇನೆ. ಈ ಸಲ ನೋಟ್‌ಬುಕ್ ಹಿಡಿದು ಹಿಂದೆ ಕೂರುವುದಿಲ್ಲ. ನಿಮ್ಮ ಬೀದಿಯಲ್ಲೂ ಹೊರಗಿನಿಂದ ಚಿಲಕ ಹಾಕಿದ ಬಾಗಿಲು ಇದ್ದರೆ ನೀವೂ ಬನ್ನಿ.